ಊರುಗೋಲಿಗೆ ಅಂದ ಆಮೇಲೆ, ಅಳತೆ ಮೊದಲು

ಮನೆಯ ಹಿರಿಯರು ಗೋಡೆ, ಬಾಗಿಲು, ಕುರ್ಚಿಯ ಬೆನ್ನು ಹಿಡಿದು ಓಡಾಡಲು ಶುರು ಮಾಡಿದರೆ ಊರುಗೋಲು ಬೇಕಾಗಿದೆ ಎಂದೇ ಲೆಕ್ಕ. ಆಗ ಹೆಚ್ಚಿನವರು ಅಟ್ಟದಲ್ಲಿರುವ ಅಜ್ಜನ ಕಾಲದ ಕೋಲನ್ನು ಇಳಿಸಿ ಒರೆಸಿ ಕೊಡುತ್ತಾರೆ. ಇಲ್ಲವೇ ಜಾತ್ರೆಯಲ್ಲಿ ಚಂದ ಕಂಡದ್ದನ್ನು ತರುತ್ತಾರೆ. ಅಜ್ಜ ಆರಡಿ ಆಳು, ಅಜ್ಜಿ ಐದಡಿ ಇಲ್ಲ. ಇಬ್ಬರಿಗೂ ಒಂದೇ ಕೋಲು ಹೇಗೆ ಆಗುತ್ತೆ ಹೇಳಿ? ಮೊದಲು ಅಳತೆ ನೋಡಿ, ಆಮೇಲೆ ತುದಿಯ ರಬ್ಬರು, ಆಮೇಲೆ ಹಿಡಿ. ಯಾವ ಮರ ಅನ್ನುವುದು ನಾಲ್ಕನೆಯ ಮಾತು.

ಅಳೆಯುವುದು ಸುಲಭ. ದಿನಾ ಹಾಕುವ ಚಪ್ಪಲಿ ಹಾಕಿಸಿ ನೆಟ್ಟಗೆ ನಿಲ್ಲಿಸಿ. ಮನೆಯೊಳಗೆ ಬರಿಗಾಲಲ್ಲೇ ಇರುವವರಾದರೆ ಬರಿಗಾಲಲ್ಲೇ ನಿಲ್ಲಲಿ. ಕೈಯನ್ನು ಸಡಿಲವಾಗಿ ಕೆಳಗೆ ಬಿಡಲಿ. ಮಣಿಕಟ್ಟಿನಲ್ಲಿ ಗೆರೆ ಇದೆಯಲ್ಲ, ಅಲ್ಲಿಂದ ನೆಲಕ್ಕೆ ಎಷ್ಟು ಬರುತ್ತದೋ ಅಷ್ಟೇ ಕೋಲಿನ ಎತ್ತರ. ಅಷ್ಟಿದ್ದರೆ ಕೋಲು ಊರಿ ನಿಂತಾಗ ಮೊಣಕೈ ಒಂಚೂರು ಮಡಿಸಿರುತ್ತದೆ. ಉದ್ದ ಜಾಸ್ತಿಯಾದರೆ ಭುಜ ಮೇಲೆದ್ದು ಕತ್ತು ನೋಯುತ್ತದೆ. ಗಿಡ್ಡವಾದರೆ ಮೈ ಆ ಕಡೆಗೆ ವಾಲಿ ಸೊಂಟ ಹಿಡಿದುಕೊಳ್ಳುತ್ತದೆ. ಇರುವ ಕೋಲು ಉದ್ದವಾಗಿದ್ದರೆ ತಲೆಕೆಳಗು ಮಾಡಿ, ಹಿಡಿಯನ್ನು ನೆಲಕ್ಕೆ ಊರಿ, ಮಣಿಕಟ್ಟಿನ ಗೆರೆಯ ಮಟ್ಟಕ್ಕೆ ಪೆನ್ಸಿಲ್‌ನಲ್ಲಿ ಗುರುತು ಹಾಕಿ. ತುದಿಗೆ ಹಾಕುವ ರಬ್ಬರಿನ ತಳ ಎಷ್ಟು ದಪ್ಪವೋ ಅಷ್ಟನ್ನು ಕಳೆದು ಕೊಯ್ಯಿರಿ. ಒಂದೇ ಸಲ ಕೊಯ್ಯಬೇಡಿ. ಸ್ವಲ್ಪ ಉಳಿಸಿಕೊಂಡು, ಅವರನ್ನು ನಡೆಸಿ ನೋಡಿ, ಆಮೇಲೆ ಬೇಕಾದರೆ ಇನ್ನೊಂದು ಚೂರು ತೆಗೆಯಿರಿ.

ಇದು ಮೈ ಭಾರ ಹಾಕುವ ಊರುಗೋಲಿನ ಲೆಕ್ಕ. ತೋಟ, ಗದ್ದೆಯ ಬದು, ಬೆಟ್ಟದ ದಾರಿಗೆ ಹಿಡಿಯುವ ಕೋಲೇ ಬೇರೆ. ಅದು ಎದೆಮಟ್ಟ ಬೇಕು. 1930ರ ದಂಡಿ ಯಾತ್ರೆಯ ಚಿತ್ರಗಳಲ್ಲಿ ಗಾಂಧೀಜಿ ಕೈಯಲ್ಲಿರುವುದು ಅಂಥ ಉದ್ದನೆಯ ಬಿದಿರಿನ ಕೋಲು. ಮಂಜೇಶ್ವರದ ಗೋವಿಂದ ಪೈಗಳು ಅದನ್ನು ಗಾಂಧೀಜಿಯ ಒಡನಾಡಿ ಕಾಕಾ ಕಾಲೇಲ್ಕರರಿಗೆ ಕೊಟ್ಟಿದ್ದರು, ಅವರಿಂದ ಗಾಂಧೀಜಿಗೆ ಹೋಯಿತು ಎಂದು ನಮ್ಮ ಕಡೆ ಹೇಳುತ್ತಾರೆ. ಆ ಜಾತಿಯ ಕೋಲು ದೂರದ ನಡಿಗೆಗೆ ಚೆನ್ನ. ಮಂಡಿ ನೋವಿರುವವರಿಗೆ ಮನೆಯೊಳಗೆ ಅದು ಹೊರೆ.

ಕೋಲನ್ನು ಮನೆಯಲ್ಲೇ ಮಾಡುವುದಾದರೆ ನಾನು ಹೇಳುವುದು ಕಿರುಬಿದಿರು. ಕೆಲವರು ಗಂಡು ಬಿದಿರು ಅನ್ನುತ್ತಾರೆ. ಹೆಬ್ಬಿದಿರಿನ ಹಾಗೆ ಒಳಗೆ ಪೂರ್ತಿ ಟೊಳ್ಳಲ್ಲ, ಬುಡದ ಕಡೆಯಂತೂ ಹೆಚ್ಚುಕಡಿಮೆ ಗಟ್ಟಿಯೇ ಇರುತ್ತದೆ. ಅದಕ್ಕೆ ಬುಡದ ತುಂಡನ್ನೇ ಆರಿಸಬೇಕು. ಎಳೆಯದು ಬೇಡ, ಮೂರು ವರ್ಷ ದಾಟಿ ಬಲಿತದ್ದು ಬೇಕು. ಮಳೆಗಾಲ ಮುಗಿದು ಚಳಿ ಬಿದ್ದ ಮೇಲೆ ಕಡಿದದ್ದಾದರೆ ಒಳ್ಳೆಯದು. ಬಿದಿರಿನಲ್ಲಿರುವ ಹಿಟ್ಟಿನಂಶ ಆಗ ಕಡಿಮೆ, ಕುಟ್ಟೆ ಹುಳಕ್ಕೆ ಬೇಕಾದದ್ದೇ ಅದು. ಕಡಿದದ್ದನ್ನು ಎರಡು ಮೂರು ವಾರ ಹರಿಯುವ ನೀರಿನಲ್ಲಿ ಮುಳುಗಿಸಿಟ್ಟರೆ ಉಳಿದ ಹಿಟ್ಟೂ ಕರಗಿ ಹೋಗುತ್ತದೆ. ಆಮೇಲೆ ನೆರಳಿನಲ್ಲಿ ನಿಧಾನವಾಗಿ ಒಣಗಬೇಕು. ಬಿಸಿಲಿಗೆ ಹಾಕಿದರೆ ಸೀಳುತ್ತದೆ. ಸೌದೆ ಒಲೆ ಇರುವ ಮನೆಯಾದರೆ ಒಲೆಯ ಮೇಲಿನ ಅಟ್ಟದಲ್ಲಿ ಹೊಗೆಗೆ ಬಿಡಿ. ಕಾಡಿನಿಂದ ಕಡಿದು ತರುವುದು ಬೇಡ. ತೋಟದ ಬೇಲಿಯಲ್ಲಿ ಬೆಳೆದದ್ದಕ್ಕೆ ತೊಂದರೆ ಇಲ್ಲ, 2017ರಲ್ಲಿ ಅರಣ್ಯ ಕಾಯ್ದೆ ತಿದ್ದಿ ಕಾಡಿನ ಹೊರಗಿನ ಬಿದಿರನ್ನು ಮರಗಳ ಲೆಕ್ಕದಿಂದ ಬಿಟ್ಟಿದ್ದಾರೆ. ಬುಟ್ಟಿ ಹೆಣೆಯುವ ಮೇದಾರರನ್ನು ಕೇಳಿದರೆ ಇನ್ನೂ ಒಳ್ಳೆಯದು. ಯಾವ ಗಳ ಬಲಿತಿದೆ ಎಂದು ಅವರು ಬೆರಳಲ್ಲಿ ತಟ್ಟಿಯೇ ಹೇಳುತ್ತಾರೆ.

ಮರದ್ದೇ ಬೇಕು ಅನ್ನುವವರಿಗೆ ಕಾಫಿ ಗಿಡ ಇದೆ. ಚಿಕ್ಕಮಗಳೂರು, ಕೊಡಗಿನ ಕಡೆ ಹಳೆಯ ಗಿಡ ಕಿತ್ತಾಗ ಒಳ್ಳೆಯ ಗಟ್ಟಿ ಕೊಂಬೆ ಸಿಗುತ್ತವೆ. ಸೀಬೆ ಕೊಂಬೆಯೂ ಬೇಗ ಮುರಿಯುವುದಿಲ್ಲ. ತೆಳ್ಳನೆಯ ಬೆತ್ತ ನೋಡಲು ಚೆಂದ, ಭಾರ ಬಿದ್ದಾಗ ಬಳುಕುತ್ತದೆ. ದಪ್ಪ ಬೆತ್ತ ಸಿಕ್ಕರೆ ಮಾತ್ರ ತನ್ನಿ.

ಹಳೆಯದಿರಲಿ, ಕೊಂಡದ್ದಿರಲಿ, ಕೊಡುವ ಮೊದಲು ಪರೀಕ್ಷೆ ಮಾಡಿ. ಒಂದು ಕಣ್ಣು ಮುಚ್ಚಿ ತುದಿಯಿಂದ ತುದಿಗೆ ನೋಡಿ, ಸೊಟ್ಟ ಇದ್ದರೆ ಗೊತ್ತಾಗುತ್ತದೆ. ಉಗುರು ಆಡಿಸಿ ಸೀಳು ಹುಡುಕಿ. ಮನೆಯಲ್ಲಿ ಜಾಸ್ತಿ ತೂಕ ಇರುವವರು ಅದರ ಮೇಲೆ ಪೂರ್ತಿ ಭಾರ ಹಾಕಿ ನೋಡಲಿ. ಗುಂಡುಸೂಜಿ ಚುಚ್ಚಿದಂಥ ತೂತು ಕಂಡರೆ ರಾತ್ರಿ ಕಪ್ಪು ಬಟ್ಟೆಯ ಮೇಲೆ ಮಲಗಿಸಿಡಿ. ಬೆಳಿಗ್ಗೆ ಬಿಳಿ ಪುಡಿ ಬಿದ್ದಿದ್ದರೆ ಒಳಗೆ ಹುಳ ಇನ್ನೂ ತಿನ್ನುತ್ತಿದೆ. ಅದು ಎಷ್ಟೇ ನೆನಪಿನ ಕೋಲಾಗಿರಲಿ, ಗೋಡೆಗೆ ನೇತುಹಾಕಿ, ಕೈಗೆ ಕೊಡಬೇಡಿ.

ಹಿಡಿ ಅಂಗೈ ತುಂಬುವಷ್ಟು ಅಗಲ ಇರಬೇಕು. ಕೊಡೆಯ ಹಿಡಿಯ ಹಾಗೆ ಬಾಗಿದ್ದು ತೋಳಿಗೆ ಸಿಕ್ಕಿಸಿಕೊಳ್ಳಲು ಅನುಕೂಲ. ಆದರೆ ಸಂಧಿವಾತದ ಕೈಗಳಿಗೆ ಮೇಲ್ಭಾಗ ಚಪ್ಪಟೆಯಾಗಿ ಅಡ್ಡಕ್ಕಿರುವ ಹಿಡಿಯೇ ಹಿತ. ಹಿಡಿಗೆ ವಾರ್ನಿಷ್ ಬೇಡವೇ ಬೇಡ, ಬೆವರಿದ ಕೈ ಜಾರುತ್ತದೆ. ಮರಳು ಕಾಗದದಲ್ಲಿ ಉಜ್ಜಿ, ಅಗಸೆ ಎಣ್ಣೆಯನ್ನು ತೆಳ್ಳಗೆ ಸವರಿ, ಒಣಗಿದ ಮೇಲೆ ಇನ್ನೊಮ್ಮೆ ಸವರಿ. ಕೊಬ್ಬರಿ ಎಣ್ಣೆ ಒಣಗುವುದಿಲ್ಲ, ಅದನ್ನು ಹಚ್ಚಬೇಡಿ. ಅಗಸೆ ಎಣ್ಣೆ ಒರೆಸಿದ ಬಟ್ಟೆಯನ್ನು ಮುದ್ದೆ ಮಾಡಿ ಮೂಲೆಗೆ ಎಸೆಯಬಾರದು. ತಾನಾಗಿಯೇ ಬಿಸಿಯಾಗಿ ಬೆಂಕಿ ಹತ್ತುವುದುಂಟು. ಹೊರಗೆ ಹರಡಿ ಒಣಗಿಸಿ.

ಇನ್ನು ಹಿಡಿಯುವ ಕೈ. ಬಲ ಮಂಡಿ ನೋವಿದ್ದರೆ ಬಲಗೈಯಲ್ಲೇ ಕೋಲು ಹಿಡಿಯುವವರು ಎಷ್ಟೊಂದು ಜನ! ಎಡಗೈಯಲ್ಲಿ ಹಿಡಿಯಬೇಕು. ನೋವಿನ ಕಾಲು ಮುಂದೆ ಹೋಗುವಾಗಲೇ ಕೋಲೂ ಮುಂದೆ ಹೋಗಬೇಕು, ಆಗ ಆ ಕಾಲಿನ ಭಾರವನ್ನು ಕೋಲು ಹಂಚಿಕೊಳ್ಳುತ್ತದೆ. ಮೆಟ್ಟಿಲು ಹತ್ತುವಾಗ ಒಳ್ಳೆಯ ಕಾಲು ಮೊದಲು. ಇಳಿಯುವಾಗ ಕೋಲು, ಅದರ ಜೊತೆಗೆ ನೋವಿನ ಕಾಲು ಮೊದಲು. ಒಂದು ವಾರ ಪಕ್ಕದಲ್ಲಿ ನಡೆದು ನೆನಪಿಸುತ್ತಾ ಇರಿ, ರೂಢಿಯಾಗುತ್ತದೆ. ಕೋಲು ಹಿಡಿದರೂ ಎರಡೂ ಕಡೆ ತೂರಾಡಿದರೆ, ತಲೆ ಸುತ್ತುತ್ತದೆ ಅಂದರೆ, ಕೋಲಿನಿಂದ ಆಗುವ ಕೆಲಸ ಅದಲ್ಲ. ಡಾಕ್ಟರ ಹತ್ತಿರ ತೋರಿಸಿ, ವಾಕರ್ ಬೇಕೋ ಕೇಳಿ.

ಅಲ್ಯೂಮಿನಿಯಂ ಕೋಲು ತಂದರೆ ಎತ್ತರ ಹೊಂದಿಸುವ ಗುಂಡಿ ತೂತಿನಿಂದ ಪೂರ್ತಿ ಹೊರಗೆ ಬಂದಿದೆಯೇ ಎಂದು ಬೆರಳಿಟ್ಟು ನೋಡಿ, ಕೆಳಗಿನ ಬಳೆ ಬಿಗಿ ಮಾಡಿ.

ಕೊನೆಗೆ ರಬ್ಬರು. ಈಗ ಎಲ್ಲರ ಮನೆಯಲ್ಲೂ ಟೈಲ್ಸ್. ಬರೀ ಮರದ ತುದಿ, ಕಬ್ಬಿಣದ ಮೊಳೆ ಹೊಡೆದ ತುದಿ ಅದರ ಮೇಲೆ ಸುಮ್ನೆ ಜಾರಿಬಿಡುತ್ತದೆ. ಮೆಡಿಕಲ್ ಅಂಗಡಿಗೆ ಹೋಗುವಾಗ ಕೋಲನ್ನೇ ಜೊತೆಗೆ ಒಯ್ದು, ತುದಿಗೆ ಬಿಗಿಯಾಗಿ ಕೂರುವ ರಬ್ಬರು ಆರಿಸಿ. ತಿಂಗಳಿಗೊಮ್ಮೆ ತಿರುಗಿಸಿ ನೋಡಿ. ತಳದ ಗೆರೆಗಳು ಸವೆದು ನುಣ್ಣಗಾಗಿದ್ದರೆ, ಒಂದು ಕಡೆ ಮಾತ್ರ ತೇದಿದ್ದರೆ ಬದಲಿಸಿ. ಮಳೆಗಾಲಕ್ಕೆ ಮುಂಚೆಯೇ ಒಂದು ಹೊಸದು ತಂದಿಡಿ. ಬಚ್ಚಲಿಗೆ ಹೋಗಿ ಬಂದಾಗಲೆಲ್ಲ ತುದಿ ಒದ್ದೆಯಾಗಿರುತ್ತದೆ, ಬಾಗಿಲ ಬಳಿ ಒರಸು ಬಟ್ಟೆ ಹಾಕಿ ಅದರ ಮೇಲೆ ಒಮ್ಮೆ ಒತ್ತಿ ಬರುವ ಅಭ್ಯಾಸ ಮಾಡಿಸಿ.