ಚೆಂಡೆ ಪಕ್ಕದ ಭಾಗವತರ ದನಿಗೆ ಆಟೋ ಕಂಪ್ರೆಸರ್: ನನ್ನ ಅನುಭವ

ಯಕ್ಷಗಾನದ ಹಿಮ್ಮೇಳಕ್ಕೆ ಕಂಪ್ರೆಸರ್ (ಜೋರಾದ ಸದ್ದನ್ನು ತಾನೇ ಒತ್ತಿ ತಗ್ಗಿಸುವ ಸಾಧನ) ಹಾಕಬೇಡ, ಹಾಕಿದರೂ ಆಟೋ ರಿಲೀಸ್ (ಒತ್ತಿದ್ದನ್ನು ಎಷ್ಟು ಬೇಗ ಬಿಡಬೇಕು ಅಂತ ಅದೇ ನಿರ್ಧರಿಸುವ) ಬಟನ್ ಮುಟ್ಟಬೇಡ ಅಂತ ಈ ಕೆಲಸದಲ್ಲಿರುವ ಬಹಳ ಜನ ಹೇಳಿದ್ದರು. ಈಗ ತೆಂಕುತಿಟ್ಟಿನ ಒಂದು ಇಡೀ ಪ್ರಸಂಗ ಆಟೋದಲ್ಲೇ ಮಿಕ್ಸ್ ಆಗಿದೆ. ಭಾಗವತರ ಒಂದಕ್ಷರವೂ ಚೆಂಡೆಯಡಿ ಮುಚ್ಚಿಹೋಗಿಲ್ಲ. ಬೇಡ ಅಂದವರೇ ಈಗ ಫೋನ್ ಮಾಡಿ ಸೆಟ್ಟಿಂಗ್ ಕೇಳುತ್ತಿದ್ದಾರೆ.

ಕಷ್ಟ ಎಲ್ಲಿದೆ ಅಂತ ನಿಮಗೆ ಗೊತ್ತೇ ಇದೆ. ಭಾಗವತರು, ಮದ್ದಳೆ, ಚೆಂಡೆ ಎಲ್ಲ ಮೂರ್ನಾಲ್ಕು ಅಡಿಯೊಳಗೆ. ಮೆಲ್ಲಗೆ ಶುರುವಾದ ದನಿ ಏರುಪದ್ಯಕ್ಕೆ ಬಂದರೆ ಹೆಚ್ಚುಕಮ್ಮಿ 15 ಡಿಬಿ (ಡೆಸಿಬಲ್) ಮೇಲೆ ಹೋಗಿರುತ್ತದೆ.

ಮೊದಲು ಪೂರ್ತಿ ಮಿಕ್ಸ್ ಮೇಲೆ ಒಂದೇ ಕಂಪ್ರೆಸರ್ ಹಾಕಿದ್ದೆ, 4:1, ಅಂದರೆ ಮಿತಿ ದಾಟಿದ ಪ್ರತಿ 4 ಡಿಬಿ 1 ಡಿಬಿಗೆ ಇಳಿಯುತ್ತದೆ. ಚೆಂಡೆಯ ಪ್ರತಿ ಪೆಟ್ಟಿಗೂ ದನಿ ಕುಸಿದು ಏಳುತ್ತಿತ್ತು. ಸರಿ, ದನಿಯ ಟ್ರ್ಯಾಕ್ ಒಂದಕ್ಕೇ ಹಾಕಿ 10 ಡಿಬಿ ಒತ್ತಿದೆ. ಆಗ ಅವರು ಉಸಿರೆಳೆಯುವ ಸಂದಿಯಲ್ಲಿ ಕಂಪ್ರೆಸರ್ ಸಡಿಲ ಬಿಟ್ಟು, ಅದೇ ಮೈಕಿಗೆ ಬಿದ್ದ ಚೆಂಡೆಯ ಬ್ಲೀಡ್ ಎದ್ದು ಬರುತ್ತಿತ್ತು. ಹಾರ್ಡ್‌ವೇರ್ ಆದರೆ ಸರಿಹೋಗುತ್ತದೆ ಅಂತ ಯಾರೋ ಹೇಳಿದ್ದಕ್ಕೆ ಸುಮಾರು 14 ಸಾವಿರ ಕೊಟ್ಟು ಸೆಕೆಂಡ್‌ಹ್ಯಾಂಡ್ ರ‍್ಯಾಕ್ ಯೂನಿಟ್ ತಂದೆ, ಅದರಲ್ಲೂ ಅದೇ ಗೋಳು, ಮಾರಿದಾಗ ಕೈಗೆ ಬಂದದ್ದು 7-8 ಸಾವಿರ. ಪ್ಲಗಿನ್‌ಗಳಿಗೆ ಇನ್ನೊಂದು 6 ಸಾವಿರ ಹೋಯಿತು. ಒಂದು ಮಿಕ್ಸನ್ನು ದುಡ್ಡು ತಗೊಳ್ಳದೆ ಮತ್ತೆ ಮಾಡಿಕೊಟ್ಟೆ.

ದಾರಿ ಸಿಕ್ಕಿದ್ದು ಮೈಕಿನಿಂದ. ಹೈಪರ್‌ಕಾರ್ಡಿಯಾಯ್ಡ್ ಮೈಕ್ (ಮುಂದಿನ ಸದ್ದನ್ನೇ ಹೆಚ್ಚು ಹಿಡಿಯುವಂಥದ್ದು) ಅತಿ ಕಮ್ಮಿ ಕೇಳಿಸಿಕೊಳ್ಳುವುದು ನೇರ ಹಿಂದಿನಿಂದ ಅಲ್ಲ, ಸುಮಾರು 110 ಡಿಗ್ರಿ ಓರೆಯಿಂದ. ಚೆಂಡೆ ಆ ಕೋನಕ್ಕೆ ಬರುವ ಹಾಗೆ ಮೈಕ್ ತಿರುಗಿಸಿದೆ. ಆಮೇಲೆ ಪದ್ಯ ಪದ್ಯಕ್ಕೂ ಕ್ಲಿಪ್ ಗೇನ್, ಅಂದರೆ ರೆಕಾರ್ಡಿಂಗಿನ ಆ ತುಂಡಿನ ಮಟ್ಟ, ಕೈಯಲ್ಲೇ ಸಮ ಮಾಡಿದೆ. ಬೇಜಾರಿನ ಕೆಲಸ, ಆದರೆ ಇದನ್ನು ಬಿಟ್ಟರೆ ಮುಂದಿನದ್ದು ಯಾವುದೂ ನಡೆಯುವುದಿಲ್ಲ.

ಈಗ ದನಿಯ ಟ್ರ್ಯಾಕ್ ಮೇಲೆ ಎರಡು ಕಂಪ್ರೆಸರ್, ಒಂದರ ಹಿಂದೆ ಒಂದು. ಮೊದಲನೆಯದು 1176 ಅನ್ನುವ ಹಳೆಯ ಕಂಪ್ರೆಸರ್ ಥರದ್ದು, 4:1, ಪೀಕ್‌ಗಳನ್ನು 2-3 ಡಿಬಿ ಇಳಿಸಲು ಮಾತ್ರ. 1967ರ ಆ ಡಿಸೈನಿನಲ್ಲಿ ಅತಿ ನಿಧಾನದ ಅಟ್ಯಾಕ್ (ಒತ್ತಲು ಹಿಡಿಯುವ ಸಮಯ) ಕೂಡ ಒಂದು ಮಿಲಿಸೆಕೆಂಡಿಗಿಂತ ಕಮ್ಮಿ, ನಾಬ್ ಬೇರೆ ಉಲ್ಟಾ ತಿರುಗುತ್ತದೆ. ಎರಡನೆಯದು ಎಲ್‌ಎ-2ಎ ಥರದ ಆಪ್ಟೋ (ಬೆಳಕಿನ ಸೆಲ್ಲಿನಿಂದ ಕೆಲಸ ಮಾಡುವ ಕಂಪ್ರೆಸರ್), 3-4 ಡಿಬಿ. ಅದರಲ್ಲಿ ರಿಲೀಸ್ ನಾಬೇ ಇಲ್ಲ. ಒಳಗಿನ ಸೆಲ್ ಮೊದಲರ್ಧವನ್ನು ಸುಮಾರು 60 ಮಿಲಿಸೆಕೆಂಡಿನಲ್ಲಿ ಬಿಡುತ್ತದೆ, ಉಳಿದರ್ಧಕ್ಕೆ ಸೆಕೆಂಡುಗಳೇ ಬೇಕು, ಅದೂ ಎಷ್ಟು ಹೊತ್ತು ಒತ್ತಿತ್ತು ಅನ್ನುವುದರ ಮೇಲೆ. ಆಟೋ ಬಟನ್ ಮಾಡುವುದೂ ಹತ್ತಿರಹತ್ತಿರ ಇದನ್ನೇ: ಚಿಕ್ಕ ಪೆಟ್ಟಿಗೆ ಬೇಗ ಬಿಡುತ್ತದೆ, ಉದ್ದ ಎಳೆದ ದನಿಗೆ ನಿಧಾನ. ಒಂದೇ ಕಡೆ ನಿಲ್ಲಿಸಿದ ರಿಲೀಸ್ ಭಾಗವತರ ಎಳೆತಕ್ಕೆ ಹೊಂದಿದರೆ ಚೆಂಡೆಗೆ ಹೊಂದುವುದಿಲ್ಲ, ಚೆಂಡೆಗೆ ಹೊಂದಿದರೆ ಎಳೆತ ನಡುಗುತ್ತದೆ. ಇಲ್ಲಿ ಆಟೋ ಬೇಕೇ ಬೇಕು, ಅದು ಬಟನ್ನಿನಿಂದ ಬರಲಿ, ಆಪ್ಟೋದಿಂದ ಬರಲಿ. ಸೈಡ್‌ಚೈನ್‌ನಲ್ಲಿ (ಕಂಪ್ರೆಸರ್ ಸದ್ದನ್ನು ಅಳೆಯುವ ದಾರಿ) 150 ಹರ್ಟ್ಸ್ ಕೆಳಗೆ ಕತ್ತರಿಸಿ, ಇಲ್ಲದಿದ್ದರೆ ಮದ್ದಳೆಯ ಗುಮ್ಮಿಗೆಲ್ಲ ದನಿ ತಗ್ಗುತ್ತದೆ. ಎರಡು ಕಂಪ್ರೆಸರ್‌ಗಳ ನಡುವೆ ಒಂದು ಸಣ್ಣ ಇಕ್ಯೂ ಕಟ್ (ಯಾವುದೋ ಒಂದು ಆವರ್ತನವನ್ನು ತಗ್ಗಿಸುವುದು) ಇದೆ, ಎಲ್ಲಿ ಅಂತ ಹೇಳುವುದಿಲ್ಲ. ಅದಕ್ಕಾಗಿ ಬಹಳ ರಾತ್ರಿ ಕೂತಿದ್ದೇನೆ.

ಜಾಸ್ತಿ ಆಯಿತೋ ಅಂತ ನೋಡಲು ದನಿ ಕೇಳಬೇಡಿ, ಹಿನ್ನೆಲೆಯ ಶ್ರುತಿ ಕೇಳಿ. ಶ್ರುತಿ ಒಂದೇ ಸಮ ಇರಬೇಕಾದದ್ದು ಅಲ್ವಾ? ಅದು ಏರಿಳಿದರೆ ಕಂಪ್ರೆಸರ್ ಅತಿಯಾಯಿತು ಅಂತಲೇ ಅರ್ಥ. ಮೀಟರ್‌ಗಿಂತ ನನಗೆ ಇದರ ಮೇಲೇ ನಂಬಿಕೆ.

ಸುಮ್ನೆ ಚೆಂಡೆಯನ್ನೂ ಪ್ಯಾರಲಲ್ ಆಗಿ (ಒತ್ತಿದ್ದನ್ನು ಮೂಲದ ಜೊತೆ ಬೆರೆಸಿ) ಒತ್ತಿ ನೋಡಿದೆ. ಪೆಟ್ಟು ಉಳಿಯಿತು, ಆದರೆ ಕೋಣೆಯ ಗುಂಯ್ ಸದ್ದು ಮುಂದೆ ಬಂತು, ತೆಗೆದುಬಿಟ್ಟೆ. ತಾಳಮದ್ದಳೆಯ ಅರ್ಥಕ್ಕೆ ಇದೇ ಎರಡನೇ ಕಂಪ್ರೆಸರ್ ಒಂದೇ ಸಾಕಾಯಿತು, ಮಾತು ಎಷ್ಟು ಚೆನ್ನಾಗಿ ಕೂತಿತು ಅಂದರೆ ನನಗೇ ಖುಷಿ.

ಮಾಸ್ಟರ್ (ಪೂರ್ತಿ ಮಿಕ್ಸ್) ಮೇಲೆ ಒತ್ತಿದ್ದು 1.5 ಡಿಬಿ, ಅಷ್ಟೇ. ಯೂಟ್ಯೂಬ್ ಹೇಗೂ -14 ಎಲ್‌ಯುಎಫ್‌ಎಸ್ (ಸದ್ದಿನ ಜೋರನ್ನು ಹೇಳುವ ಅಳತೆ) ಸುತ್ತಮುತ್ತಕ್ಕೆ ತಾನೇ ಇಳಿಸುತ್ತದೆ, ಜೋರು ಮಾಡಿ ಲಾಭವಿಲ್ಲ. ಬಡಗುತಿಟ್ಟಿನಲ್ಲಿ ಇದನ್ನೇ ಹಾಕುವವರು ಮೊದಲ ಕಂಪ್ರೆಸರಿನ ಇನ್ಪುಟ್ ಮಟ್ಟ ಹೊಸದಾಗಿ ಹುಡುಕಿಕೊಳ್ಳಿ. ಅಲ್ಲಿನ ಚಂಡೆ ಚಿಕ್ಕದು, ಸದ್ದು ಇನ್ನೂ ಚೂಪು.