ಒಂದು ‘ಅಥವಾ’ದ ಬೆನ್ನು ಹತ್ತಿ

ಇಪ್ಪತ್ತಾರು ವರ್ಷ ಸರ್ಕಾರಿ ಬಸ್ಸಿನ ಸ್ಟೇರಿಂಗ್ ಹಿಡಿದವನು ನಾನು. ಹೆಚ್ಚಿನ ಪಾಲು ಹಾಸನ–ಮಂಗಳೂರು ಮಾರ್ಗದಲ್ಲೇ ಸವೆಯಿತು. ಶಿರಾಡಿ ಘಾಟಿಯ ಮಳೆ, ಮಂಜಿಗೆ ಹೆದರಿದವನಲ್ಲ. ಹೆದರುತ್ತಿದ್ದದ್ದು ರಾತ್ರಿ ಹತ್ತರ ಮೇಲೆ ಓಲಾಡುತ್ತ ಎದುರು ಬರುವ ದೀಪಗಳಿಗೆ. ನಾನು ನಿವೃತ್ತನಾದ ಮರುವರ್ಷ, ಸಕಲೇಶಪುರದ ಹತ್ತಿರ, ಮದುವೆಯ ಊಟ ಮುಗಿಸಿ ರಸ್ತೆಬದಿಯಲ್ಲಿ ನಡೆದು ಬರುತ್ತಿದ್ದ ನನ್ನ ಹಳೆಯ ಕಂಡಕ್ಟರ್ ಗೆಳೆಯನ ಮೇಲೆ ಜೀಪೊಂದು ಹರಿಯಿತು. ಅದನ್ನು ಓಡಿಸುತ್ತಿದ್ದವನು ಅದಕ್ಕೆ ಮೊದಲೇ ಎರಡು ಸಲ ಕುಡಿದು ಸಿಕ್ಕಿಬಿದ್ದು, ಎರಡು ಸಲವೂ ದಂಡ ಕಟ್ಟಿ ಕೀ ಇಸಿದುಕೊಂಡು ಹೋದವನು ಎಂಬುದು ಆಮೇಲೆ ತಿಳಿಯಿತು.

ನಾವು ಮೊದಲು ಮಾಡಿದ್ದು ದಡ್ಡತನ. ‘ಕಠಿಣ ಕಾನೂನು ತನ್ನಿ’ ಎಂದು ಬ್ಯಾನರ್ ಬರೆಸಿ ಹಾಸನದ ಜಿಲ್ಲಾಧಿಕಾರಿ ಕಚೇರಿಯ ಮುಂದೆ ನಿಂತೆವು. ಪತ್ರಿಕೆಯಲ್ಲಿ ಫೋಟೊ ಬಂತು, ಅಷ್ಟೇ. ಪರಿಚಯದ ವಕೀಲರೊಬ್ಬರು ಕೂರಿಸಿಕೊಂಡು, “ಈಗ ಇರುವ ಕಾನೂನನ್ನು ಓದಿದ್ದೀರಾ ಯಜಮಾನರೇ?” ಎಂದರು. ಓದಿರಲಿಲ್ಲ.

1988ರ ಮೋಟಾರು ವಾಹನ ಕಾಯ್ದೆಯ 185ನೇ ಸೆಕ್ಷನ್. 100 ಮಿ.ಲೀ. ರಕ್ತದಲ್ಲಿ 30 ಮಿ.ಗ್ರಾಂ ಮೀರಿ ಮದ್ಯಸಾರ ಇದ್ದರೆ ಅಪರಾಧ. ಮೊದಲ ಸಲ ಆರು ತಿಂಗಳವರೆಗೆ ಜೈಲು ಅಥವಾ 10,000 ರೂಪಾಯಿ ದಂಡ, ಅಥವಾ ಎರಡೂ. ಮತ್ತೆ ಸಿಕ್ಕರೆ ಎರಡು ವರ್ಷದವರೆಗೆ ಜೈಲು ಅಥವಾ 15,000, ಅಥವಾ ಎರಡೂ. 2019ರ ತಿದ್ದುಪಡಿಗೆ ಮುಂಚೆ ಇನ್ನೂ ಸಡಿಲವಿತ್ತು: ಮೂರು ವರ್ಷದೊಳಗೆ ಮತ್ತೆ ಮಾಡಿದರೆ ಮಾತ್ರ ಅದು ಎರಡನೆಯ ಅಪರಾಧ. ಆ ಗಡುವು ಹೋಯಿತು, ‘ಅಥವಾ’ ಉಳಿಯಿತು. ಐದನೇ ಸಲಕ್ಕೂ ಅದೇ ದರ. ತೋಟದ ಸಾಹುಕಾರರಿಗೆ 15,000 ಒಂದು ಸಂಜೆಯ ಖರ್ಚು, ಪಿಕಪ್ ಓಡಿಸುವವನಿಗೆ ತಿಂಗಳ ಸಂಬಳ. ಅಂದಿನಿಂದ ನಮ್ಮ ಬೇಡಿಕೆ ಒಂದು ಸಾಲಿಗೆ ಇಳಿಯಿತು: ಎರಡನೆಯ ಸಲದಿಂದಾಚೆಗೆ ಆ ‘ಅಥವಾ’ ಬೇಡ, ಜೈಲು ಆಗಲೇಬೇಕು.

ಎರಡನೆಯ ಸಲ ಎಂದು ಗುರುತಿಸುವವರು ಯಾರು? ಮಾಹಿತಿ ಹಕ್ಕಿನಡಿ ಹತ್ತು ರೂಪಾಯಿಯ ಪೋಸ್ಟಲ್ ಆರ್ಡರ್ ಲಗತ್ತಿಸಿ ಕೇಳಿದೆ. ನಮ್ಮ ರಾಜ್ಯದಲ್ಲಿ ಅರ್ಜಿ ಒಂದೇ ವಿಷಯದ್ದಾಗಿರಬೇಕು, 150 ಪದ ದಾಟಬಾರದು. ನಾನು ಮೂರು ಸಲ ಬರೆದು ಹರಿದೆ. ಕೇಳಿದ್ದು ಇಷ್ಟೇ: ಒಂದು ವರ್ಷದ 185ನೇ ಸೆಕ್ಷನ್ ಪ್ರಕರಣಗಳಲ್ಲಿ ಎಷ್ಟನ್ನು ಎರಡನೆಯ ಅಪರಾಧವೆಂದು ದಾಖಲಿಸಿದ್ದೀರಿ? ಅಂಥ ಮಾಹಿತಿಯನ್ನು ಪ್ರತ್ಯೇಕವಾಗಿ ನಿರ್ವಹಿಸಿರುವುದಿಲ್ಲ ಎಂಬ ಉತ್ತರ ಸರಿಯಾಗಿ ಮೂವತ್ತನೇ ದಿನ ಬಂತು. ಹಳೆಯ ಪ್ರಕರಣ ಹುಡುಕದಿದ್ದರೆ ಪ್ರತಿ ಸಲವೂ ಮೊದಲ ಸಲವೇ. ಈ ಕಾಗದವೇ ನಮಗೆ ಬ್ಯಾನರಿಗಿಂತ ಹೆಚ್ಚು ಕೆಲಸಕ್ಕೆ ಬಂತು. ಹೋದಲ್ಲೆಲ್ಲ ಅದರ ಜೆರಾಕ್ಸ್ ಕೊಡುತ್ತೇನೆ.

ಸಹಿ ಸಂಗ್ರಹಕ್ಕೆ ಆಲೂರಿನ ಕಡೆಯ ಸ್ತ್ರೀಶಕ್ತಿ ಸಂಘಕ್ಕೆ ಹೋದಾಗ, ಮೊದಲ ಸಾಲಿಗೇ ಸಹಿ ಬೀಳುತ್ತದೆ ಎಂದುಕೊಂಡಿದ್ದೆ. ಹಿಂದೆ ಕೂತಿದ್ದ ಹೆಂಗಸೊಬ್ಬಳು, “ಅಣ್ಣಾ, ನನ್ನ ಗಂಡ ಟ್ಯಾಕ್ಸಿ ಓಡಿಸುತ್ತಾನೆ, ಕುಡಿಯುತ್ತಾನೆ ಕೂಡ. ಅವನನ್ನು ಜೈಲಿಗೆ ಕಳುಹಿಸಿ ನೀವು ಮನೆಗೆ ಹೋಗುತ್ತೀರಿ. ಮಕ್ಕಳ ಫೀಸು ಯಾರು ಕಟ್ಟುವುದು?” ಎಂದಳು. ಯಾರೂ ಸಹಿ ಹಾಕಲಿಲ್ಲ. ವಾಪಸಾಗುವಾಗ ನನಗೆ ಸಿಟ್ಟು ಬಂದಿತ್ತು, ಅವಳ ಮೇಲೆ ಅಲ್ಲ. ಮದ್ಯವರ್ಜನ ಶಿಬಿರಕ್ಕೆ ಹೋಗುವುದನ್ನು ಕಡ್ಡಾಯ ಮಾಡಬೇಕು, ಅದು ಮುಗಿಯುವವರೆಗೆ ಲೈಸೆನ್ಸ್ ಅಮಾನತಿನಲ್ಲಿರಬೇಕು ಎಂಬ ಸಾಲನ್ನು ಅದೇ ರಾತ್ರಿ ಸೇರಿಸಿದೆ. ಮುಂದಿನ ತಿಂಗಳು ಹೋದಾಗ ಮೊದಲು ಪೆನ್ನು ಕೇಳಿದವಳು ಅವಳೇ.

ಶಾಸಕರ ಮನೆಗೆ ಅಲೆದದ್ದು ಹೆಚ್ಚೂಕಡಿಮೆ ವ್ಯರ್ಥ. ವಿಷಯ ಕೇಂದ್ರ, ರಾಜ್ಯ ಎರಡೂ ಕಾನೂನು ಮಾಡಬಹುದಾದ ಸಮವರ್ತಿ ಪಟ್ಟಿಯಲ್ಲಿದ್ದರೂ ಕಾಯ್ದೆ ಕೇಂದ್ರದ್ದು; ಹತ್ತಿರದ ದಾರಿ ಸಂಸತ್ತೇ. ಲೋಕಸಭೆಯಲ್ಲಿ ಸದಸ್ಯರೊಬ್ಬರ ಮೂಲಕ ಮನವಿ ಮಂಡಿಸಲು ಅವರ ಮೇಲುಸಹಿ ಬೇಕು. ಮನವಿ ಕನ್ನಡದಲ್ಲಿದ್ದರೆ ಹಿಂದಿ ಅಥವಾ ಇಂಗ್ಲಿಷ್ ಅನುವಾದ ಲಗತ್ತಿಸಬೇಕು. ಮೊಮ್ಮಗಳು ಅನುವಾದ ಮಾಡಿಕೊಟ್ಟಿದ್ದಾಳೆ. ಮೇಲುಸಹಿ ಇನ್ನೂ ಸಿಕ್ಕಿಲ್ಲ.

ಸಹಿಯ ನೋಟುಪುಸ್ತಕ ಎರಡು ತುಂಬಿವೆ, ಮೂರನೆಯದು ಅರ್ಧಕ್ಕೆ ಬಂದಿದೆ. ಮುಂದಿನ ವಾರ ಅರಸೀಕೆರೆ ಬಸ್ ನಿಲ್ದಾಣದ ಹತ್ತಿರ ಕೂರುತ್ತೇನೆ. ಅಲ್ಲಿ ಯಾರಾದರೂ ಒಂದು ಮೇಜು ಕೊಟ್ಟರೆ ಸಾಕು, ಕುರ್ಚಿ ನಾನೇ ತರುತ್ತೇನೆ.