ಶೈಲಾಕ್‌ನ ಸಾಲಪತ್ರ ಮತ್ತು ನಮ್ಮ ಹತ್ತನೇ ಕ್ಲಾಸು

ಹತ್ತನೇ ತರಗತಿಗೆ ‘ಕ್ವಾಲಿಟಿ ಆಫ್ ಮರ್ಸಿ’ ಪಾಠ ಮಾಡುವಾಗ ಮೊದಲ ದಿನ ನಾನು ಪುಸ್ತಕ ತೆಗೆಸುವುದೇ ಇಲ್ಲ. ಪಠ್ಯದಲ್ಲಿ ಅದು ಪದ್ಯ. ಆದರೆ ನಿಜವಾಗಿ ಅದು ಶೇಕ್ಸ್‌ಪಿಯರ್‌ನ ‘ದಿ ಮರ್ಚೆಂಟ್ ಆಫ್ ವೆನಿಸ್’ ನಾಟಕದ ನಾಲ್ಕನೇ ಅಂಕದಲ್ಲಿ ಪೋರ್ಷಿಯಾ ಎಂಬ ಹೆಣ್ಣುಮಗಳು ಗಂಡಿನ ವೇಷ ಹಾಕಿ ಕೋರ್ಟಿನಲ್ಲಿ ಆಡುವ ಮಾತು. ಅವಳೆದುರು ಸಾಲ ಕೊಟ್ಟ ಶೈಲಾಕ್ ಚಾಕು ಮಸೆದು ನಿಂತಿದ್ದಾನೆ. ಇದನ್ನೆಲ್ಲ ಬಿಟ್ಟು ಸಾಲು ಸಾಲಿಗೆ ಅರ್ಥ ಹೇಳಿದರೆ ಮಕ್ಕಳಿಗೆ ಉಳಿಯುವುದು ‘ದಯೆ ಒಳ್ಳೆಯದು’ ಅನ್ನೋದೊಂದೇ. ಅಷ್ಟಕ್ಕೆ ಶೇಕ್ಸ್‌ಪಿಯರ್ ಯಾಕೆ ಬೇಕು?

ನಮ್ಮದು ಮೂಡಿಗೆರೆ ಕಡೆಯ ಕನ್ನಡ ಮಾಧ್ಯಮದ ಹೈಸ್ಕೂಲು. ಜಾಸ್ತಿ ಮಕ್ಕಳು ಕಾಫಿ ತೋಟದ ಲೈನ್ ಮನೆಗಳಿಂದ ಬರುತ್ತಾರೆ. ಸಾಲ, ಅಡ್ವಾನ್ಸು, ಜಾಮೀನು ಇವನ್ನು ನಾನು ಅವರಿಗೆ ವಿವರಿಸಬೇಕಾಗಿಲ್ಲ. ಹಾಗಾಗಿ ಕಥೆಯನ್ನು ಸಾಲದಿಂದಲೇ ಶುರು ಮಾಡುತ್ತೇನೆ, ಅದೂ ಕನ್ನಡದಲ್ಲಿ. ಶೈಲಾಕ್ ಕೊಟ್ಟ ಸಾಲ 3,000 ಡುಕಾಟ್, ಅಂದರೆ ಆಗಿನ ಚಿನ್ನದ ನಾಣ್ಯ, 3 ತಿಂಗಳ ವಾಯಿದೆ. ದುಡ್ಡು ಬೇಕಾದದ್ದು ಬಸ್ಸಾನಿಯೋಗೆ, ಪತ್ರ ಬರೆದುಕೊಟ್ಟವನು ಅವನ ಸ್ನೇಹಿತ ಆಂಟೋನಿಯೋ. ಬಡ್ಡಿ ಇಲ್ಲ. ಆದರೆ ವಾಯಿದೆ ತಪ್ಪಿದರೆ ಆಂಟೋನಿಯೋನ ಮೈಯಿಂದ ಒಂದು ಪೌಂಡ್ ಮಾಂಸ, ಹತ್ತಿರ ಹತ್ತಿರ ಅರ್ಧ ಕೆಜಿ. ಆಂಟೋನಿಯೋನ ಹಡಗು ಮುಳುಗಿದ ಸುದ್ದಿ ಬರುತ್ತದೆ, ವಾಯಿದೆ ಮುಗಿಯುತ್ತದೆ. ಅಲ್ಲಿಗೆ ನಿಲ್ಲಿಸುತ್ತೇನೆ. ‘ಆಮೇಲೇನಾಯ್ತು ಮೇಡಂ’ ಅಂತ ಎಷ್ಟೇ ಕಾಡಿದರೂ ಹೇಳುವುದಿಲ್ಲ.

ಮರುದಿನ ಆ ಸಾಲಪತ್ರವನ್ನು ಮಕ್ಕಳೇ ಇಂಗ್ಲಿಷಿನಲ್ಲಿ ಬರೆಯಬೇಕು. ‘ಇಫ್ ಐ ಡು ನಾಟ್ ಪೇ’ ಅಂತ ಶುರುವಾಗುವ ವಾಕ್ಯ ಗ್ರಾಮರ್ ಪೀರಿಯಡ್ಡಿನಲ್ಲಿ ಎಷ್ಟು ಒದ್ದಾಡಿಸುತ್ತದೋ ಇಲ್ಲಿ ಅಷ್ಟೇ ಸಲೀಸಾಗಿ ಬರುತ್ತದೆ. ಸಾಕ್ಷಿಗಳ ಸಹಿಯನ್ನೂ ಹಾಕಿಸುತ್ತೇನೆ.

ಆಮೇಲೆ ಕೋರ್ಟು. ಅರ್ಧ ಕ್ಲಾಸು ಆಂಟೋನಿಯೋ ಪರ, ಅರ್ಧ ಶೈಲಾಕ್ ಪರ. ಮೊದಮೊದಲು ಶೈಲಾಕ್ ಪರ ಕೂರಲು ಯಾರಿಗೂ ಇಷ್ಟವಿರುವುದಿಲ್ಲ. ಶೈಲಾಕ್ ಯಹೂದಿ, ಇದೇ ಆಂಟೋನಿಯೋ ಅವನ ಮೇಲೆ ಉಗುಳಿದ್ದ, ನಾಯಿ ಅಂತ ಬೈದಿದ್ದ ಅನ್ನೋದು ಗೊತ್ತಾದ ಕೂಡಲೇ ವಾದದ ದಾರಿಯೇ ಬದಲಾಗುತ್ತದೆ. ‘ಉಗುಳುವಾಗ ಇವರಿಗೆ ದಯೆ ನೆನಪಿರಲಿಲ್ವಾ ಮೇಡಂ?’ ಅಂತ ಒಬ್ಬ ಹುಡುಗ ಕೇಳಿದ. ವಾದ ಕನ್ನಡದಲ್ಲಿ ನಡೆದರೆ ನಾನು ತಡೆಯುವುದಿಲ್ಲ. ಯೋಚನೆ ಮೊದಲು ಹುಟ್ಟಲಿ, ಇಂಗ್ಲಿಷು ಅದರ ಹಿಂದೆ ಬರುತ್ತದೆ. ಇದರಲ್ಲಿ ನನಗೆ ಅನುಮಾನವೇ ಇಲ್ಲ.

ಇಷ್ಟಾದ ಮೇಲೆ ಪುಸ್ತಕ. ಡೆಸ್ಕ್ ತಟ್ಟುತ್ತಾ ಗಟ್ಟಿಯಾಗಿ ಓದುತ್ತೇವೆ. ‘ಇಟ್ ಬ್ಲೆಸೆತ್ ಹಿಮ್ ದಟ್ ಗಿವ್ಸ್ ಆಂಡ್ ಹಿಮ್ ದಟ್ ಟೇಕ್ಸ್.’ ಈ ಸಾಲಿಗೆ 5 ತಟ್ಟು. ಕನ್ನಡ ಮೇಷ್ಟ್ರು ಹಾಕಿಸುವ ಪ್ರಸ್ತಾರ ಅವರಿಗೆ ಗೊತ್ತಿರುತ್ತದೆ. ಅಲ್ಲಿ ಮಾತ್ರೆ ಎಣಿಸುತ್ತೇವೆ, ಇಲ್ಲಿ ಯಾವ ಅಕ್ಷರದ ಮೇಲೆ ದನಿಯ ಒತ್ತು ಬೀಳುತ್ತದೆ ಅಂತ ನೋಡುತ್ತೇವೆ, ಅಷ್ಟೇ ವ್ಯತ್ಯಾಸ. ‘ಬ್ಲೆಸೆತ್’ ಅಂದರೆ ಈಗಿನ ‘ಬ್ಲೆಸಸ್’. ಇಂಥ ಹಳೇ ರೂಪಗಳನ್ನು ಬೋರ್ಡಿನ ಮೂಲೆಯಲ್ಲಿ ಬರೆದು ಮುಂದೆ ಹೋಗುತ್ತೇನೆ.

ದಯೆ ಆಕಾಶದಿಂದ ಬೀಳುವ ಮೃದುವಾದ ಮಳೆಯ ಹಾಗೆ ಅನ್ನುತ್ತಾಳೆ ಪೋರ್ಷಿಯಾ. ನಾವು ಈ ಪಾಠ ಓದುವುದು ಜುಲೈಯಲ್ಲಿ. ಹೆಂಚಿನ ಮೇಲೆ ಬೀಳುವ ಮಳೆಯಲ್ಲಿ ನನ್ನ ಮಾತೇ ಹಿಂದಿನ ಬೆಂಚಿಗೆ ಕೇಳಿಸುವುದಿಲ್ಲ. ‘ಈ ಮಳೆ ಅಲ್ಲ ಮೇಡಂ, ಹೂಮಳೆ’ ಅಂದಳು ಒಬ್ಬಳು. ಮಾರ್ಚ್ ಏಪ್ರಿಲ್‌ನಲ್ಲಿ ಕಾಫಿ ಹೂ ಅರಳಿಸುವ ಮಳೆ. ಯಾರ ಬಲವಂತಕ್ಕೂ ಬರುವುದಿಲ್ಲ, ಬಂದರೆ ತೋಟ ಉಳಿಯುತ್ತದೆ. ದಯೆ ‘ನಾಟ್ ಸ್ಟ್ರೇನ್ಡ್’, ಬಲವಂತದ್ದಲ್ಲ ಅನ್ನೋ ಪೋರ್ಷಿಯಾ ಮಾತನ್ನು ಇದಕ್ಕಿಂತ ಚೆನ್ನಾಗಿ ನಾನು ವಿವರಿಸಲಾರೆ.

ನಮ್ಮ ಮಕ್ಕಳಿಗೆ ಶೇಕ್ಸ್‌ಪಿಯರ್ ಭಾರ, ಗೈಡ್ ಓದಿಸಿ ಸಾಕು ಅನ್ನುವವರಿದ್ದಾರೆ. ನಾನು ಒಪ್ಪುವುದಿಲ್ಲ. ಇದೇ ಜಿಲ್ಲೆಯ ಕೊಪ್ಪ ತಾಲ್ಲೂಕಿನ ಹಿರೇಕೊಡಿಗೆಯಲ್ಲಿ 1904ರಲ್ಲಿ ಹುಟ್ಟಿದ ಕುವೆಂಪು ಅವರೇ ‘ದಿ ಟೆಂಪೆಸ್ಟ್’ ನಾಟಕವನ್ನು ‘ಬಿರುಗಾಳಿ’ ಮಾಡಿದರು, ‘ಹ್ಯಾಮ್ಲೆಟ್’ ಅನ್ನು ‘ರಕ್ತಾಕ್ಷಿ’ ಮಾಡಿದರು. ಇದನ್ನು ಮಕ್ಕಳಿಗೂ ಹೇಳುತ್ತೇನೆ.

ಪಠ್ಯದಲ್ಲಿಲ್ಲದ ಕೊನೆಯನ್ನೂ ಹೇಳುತ್ತೇನೆ. ಅಷ್ಟು ಚೆಂದದ ಮಾತು ಕೇಳಿಯೂ ಶೈಲಾಕ್ ಬಗ್ಗುವುದಿಲ್ಲ, ಕಾನೂನೇ ಬೇಕು ಅನ್ನುತ್ತಾನೆ. ಪತ್ರದಲ್ಲಿ ಮಾಂಸ ಅಂತಿದೆ, ಒಂದು ಹನಿ ರಕ್ತವೂ ಬೀಳಬಾರದು ಅಂತ ಪೋರ್ಷಿಯಾ ಅವನನ್ನು ಅದೇ ಕಾನೂನಿನಲ್ಲಿ ಕಟ್ಟಿಹಾಕುತ್ತಾಳೆ. ಕೊನೆಗೆ ಅವನ ಅರ್ಧ ಆಸ್ತಿ ಆಂಟೋನಿಯೋ ಕೈಗೆ ಹೋಗುತ್ತದೆ, ಶೈಲಾಕ್ ಕ್ರೈಸ್ತನಾಗಲೇಬೇಕು ಅಂತ ಷರತ್ತು ಬೀಳುತ್ತದೆ. ಇದು ದಯೆಯಾ? ನಾನು ಉತ್ತರ ಹೇಳುವುದಿಲ್ಲ, ಇಂಗ್ಲಿಷಿನಲ್ಲಿ ಬರೆಯಿರಿ ಅನ್ನುತ್ತೇನೆ. ‘ಪೋರ್ಷಿಯಾ ಶುಡ್ ಟೆಲ್ ದಿಸ್ ಟು ಆಂಟೋನಿಯೋ ಆಲ್ಸೋ’ ಅಂತ ಬರೆದಿದ್ದಳು ಒಬ್ಬ ಹುಡುಗಿ. ಯಾವ ಗೈಡಿನಲ್ಲೂ ಇದು ಸಿಗುವುದಿಲ್ಲ.

ಪರೀಕ್ಷೆಗೆ ಬೇಕಾದ ಬಾಯಿಪಾಠ ಡೆಸ್ಕ್ ತಟ್ಟುವಾಗಲೇ ಅರ್ಧ ಆಗಿರುತ್ತದೆ. ಸಂದರ್ಭ ಸಹಿತ ಉತ್ತರವೂ ಕಷ್ಟವಿಲ್ಲ, ಕೋರ್ಟಿನಲ್ಲಿ ಅವರೇ ಇದ್ದರಲ್ಲ. ಹೀಗೆ ಮಾಡಿದರೆ ಪೀರಿಯಡ್ಡು ಜಾಸ್ತಿ ಹಿಡಿಯುತ್ತದೆ, ನಿಜ. ಸಮಯ ಸಾಲದಿದ್ದರೆ ಶಬ್ದಾರ್ಥ ಬರೆಸುವುದನ್ನು ಕಡಿಮೆ ಮಾಡಿ, ಕೋರ್ಟನ್ನು ಮಾತ್ರ ಬಿಡಬೇಡಿ.